16 ಅಡಿ ದೋಣಿಗೆ 600 ಡೀನಿಯರ್ ಹೊದಿಕೆ: ಮಿಶಿಗನ್‌ನಲ್ಲಿ ಐದು ಚಳಿಗಾಲ ಕಳೆದ ಮೇಲೆ

ಪಶ್ಚಿಮ ಮಿಶಿಗನ್‌ನಲ್ಲಿ ಅಕ್ಟೋಬರ್ ಕೊನೆಗೆ ನೀರಿನಿಂದ ಮೇಲೆತ್ತಿದ ದೋಣಿ ಮತ್ತೆ ನೀರಿಗಿಳಿಯುವುದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಅಲ್ಲಿಯವರೆಗೆ ಮನೆಯ ಪಕ್ಕ, ಬಯಲಲ್ಲಿ, ಟ್ರೇಲರ್ ಮೇಲೆಯೇ ಅದರ ವಾಸ. ಲೇಕ್ ಮಿಶಿಗನ್ ಮೇಲಿಂದ ಬೀಸುವ ಗಾಳಿ ಆವಿ ಹೊತ್ತು ತಂದು ಈ ದಡದಲ್ಲೇ ಹಿಮವಾಗಿ ಸುರಿಯುತ್ತದೆ. ಅಂಥ ಕಡೆ ಐದು ಚಳಿಗಾಲ ಬಳಸಿದ 600 ಡೀನಿಯರ್ (ಡೀನಿಯರ್ ಎಂದರೆ ಎಳೆಯ ದಪ್ಪದ ಅಳತೆ) ಪಾಲಿಯೆಸ್ಟರ್ ಹೊದಿಕೆಯ ವಿಮರ್ಶೆ ಇದು. ದೋಣಿ 16 ಅಡಿಯ ಫೈಬರ್‌ಗ್ಲಾಸಿನದು, ಹಿಂದೆ ಔಟ್‌ಬೋರ್ಡ್ ಎಂಜಿನ್. ಬಟ್ಟೆಗೆ 5ಕ್ಕೆ 4 ಅಂಕ. ಜೊತೆಗೆ ಬರುವ ಅಲ್ಯೂಮಿನಿಯಂ ಕಂಬಕ್ಕೆ 1.

ಕಂಬದ ವಿಷಯ ಮೊದಲು, ಏಕೆಂದರೆ ಹೊದಿಕೆ ಹಾಳಾಗುವುದು ಅಲ್ಲಿಂದಲೇ. ನಡುವೆ ಒಂದೇ ಕಂಬ ನಿಲ್ಲಿಸಿದರೆ ಬಟ್ಟೆ ಆ ಒಂದು ತುದಿಯಲ್ಲಿ ಮಾತ್ರ ಎದ್ದು ನಿಲ್ಲುತ್ತದೆ, ಮುಂದೆ ಹಿಂದೆ ಎರಡೂ ಕಡೆ ತಗ್ಗಾಗುತ್ತದೆ. ನವೆಂಬರ್ ಮಳೆ ಆ ತಗ್ಗಿನಲ್ಲಿ ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕೆಜಿ. ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಜಗ್ಗಿದಷ್ಟೂ ನೀರು ಸೇರುತ್ತದೆ, ರಾತ್ರಿ ಅದೇ ಗಡ್ಡೆ ಕಟ್ಟುತ್ತದೆ. ಆಮೇಲೆ ಬೀಳುವ ಹಿಮ ಜಾರಿಹೋಗದೆ ಅಲ್ಲೇ ಕೂರುತ್ತದೆ. ಒದ್ದೆ ಹಿಮ 30 ಸೆಂಟಿಮೀಟರ್ ಬಿದ್ದರೆ ಚದರ ಮೀಟರಿಗೆ 60ರಿಂದ 90 ಕೆಜಿ ಆಗಬಹುದು. ಅಷ್ಟು ಹೊರಲು ಯಾವ ಬಟ್ಟೆಯೂ ಹುಟ್ಟಿಲ್ಲ. ಹೊರಬೇಕಾದದ್ದು ಕೆಳಗಿನ ಚೌಕಟ್ಟು.

ಆ ಕಂಬವನ್ನು ಪಕ್ಕಕ್ಕಿಟ್ಟು ಮನೆಯ ಮಾಡಿಗೆ ಹಾಕುವಂತೆ ಒಂದು ಬೆನ್ನುಪಟ್ಟಿ ಹಾಕಿಕೊಳ್ಳಿ. ಮುಂಭಾಗದಿಂದ ಹಿಂಭಾಗದವರೆಗೆ ಉದ್ದಕ್ಕೆ 2x4 (ಇಂಚು) ಎಂದು ಮಾರುವ ಮರದ ಪಟ್ಟಿ, ಅದರ ಕೆಳಗೆ ಮೂರು ಅಡಿಗೊಂದು ಊರುಗೋಲು. ಎರಡೂ ಪಕ್ಕದ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾಗದಿರಲಿ, 45 ಆದರೆ ಹಿಮ ತಾನಾಗಿಯೇ ಜಾರುತ್ತದೆ. ಒಂದು ಇಂಚಿನ ಪಿವಿಸಿ ಪೈಪನ್ನು ಕಮಾನಾಗಿ ಬಗ್ಗಿಸಿ ಕೂರಿಸುವವರೂ ಇದ್ದಾರೆ. ಬೆನ್ನುಪಟ್ಟಿ ಇಲ್ಲದೆ ಬರೀ ಕಮಾನು ಹಾಕಿದರೆ ಎರಡು ಕಮಾನುಗಳ ನಡುವೆ ಮತ್ತೆ ತಗ್ಗಾಗುತ್ತದೆ.

ಬಟ್ಟೆ ಹರಿದದ್ದು ಒಂದೇ ಕಡೆ: ವಿಂಡ್‌ಶೀಲ್ಡಿನ ಬಲ ಮೂಲೆ. ಗಾಳಿಗೆ ಬಟ್ಟೆ ಪಟಪಟ ಬಡಿಯುತ್ತಾ ಆ ಚೂಪು ಮೂಲೆಗೆ ಉಜ್ಜಿ, ಎರಡನೇ ಚಳಿಗಾಲದ ಕೊನೆಗೆ ಒಳಬದಿಯ ಪಾಲಿಯುರೆಥೇನ್ ಲೇಪ ಬೆಳ್ಳಗೆ ಸುಲಿದು, ನೇಯ್ಗೆಯ ಎಳೆ ಕಾಣಿಸಿ, ಮೂರನೆಯದರಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಮೂಲೆಗೆ ಹಳೆಯ ಟವೆಲ್ ಸುತ್ತಬೇಡಿ, ಅದು ನೀರು ಕುಡಿದು ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರಿನ ಪೈಪಿಗೆ ಹಾಕುವ ಫೋಮ್ ಕೊಳವೆಯನ್ನು ಸೀಳಿ ಮೂಲೆಗೆ, ಮರದ ಅಂಚುಗಳಿಗೆ ಕೂರಿಸಿದರೆ ಸಾಕು. ತೇಪೆ ಹಾಕಿದ ಜಾಗ ಎರಡು ವರ್ಷದಿಂದ ಗಟ್ಟಿಯಾಗಿದೆ.

ಕಟ್ಟುವ ಪಟ್ಟಿಗಳು ಚೆನ್ನಾಗಿವೆ. ಟ್ರೇಲರಿನ ಕಬ್ಬಿಣಕ್ಕೆ ಬಿಗಿದು, ಮೊದಲ ದೊಡ್ಡ ಗಾಳಿಯ ಮಾರನೆಯ ದಿನ ಮತ್ತೊಮ್ಮೆ ಎಳೆದು ನೋಡಿ, ಸಡಿಲವಾಗಿಯೇ ಇರುತ್ತದೆ. ಪಟ್ಟಿಯ ಬದಲು ಅಂಚಿನ ಉಂಗುರಗಳಿಗೆ ನೀರಿನ ಕ್ಯಾನ್ ತೂಗುಹಾಕುವ ಪದ್ಧತಿ ಇದೆ. ಆ ಕ್ಯಾನುಗಳು ಗಾಳಿಗೆ ತೂಗಾಡಿ ದೋಣಿಯ ಜೆಲ್‌ಕೋಟನ್ನು, ಅಂದರೆ ಫೈಬರ್‌ಗ್ಲಾಸಿನ ಹೊರಗಿನ ನುಣುಪು ಪದರವನ್ನು, ಕುಟ್ಟುತ್ತವೆ.

ಊರಲ್ಲಿ ಮಳೆಗಾಲಕ್ಕೆ ಸೌದೆ ರಾಶಿಯ ಮೇಲೆ ಟಾರ್ಪಾಲು ಬಿಗಿದು ಅಭ್ಯಾಸವಿರುವವರು ಇಲ್ಲಿಯೂ ಎಲ್ಲ ಕಡೆ ಮುಚ್ಚಿಬಿಡಲು ನೋಡುತ್ತಾರೆ. ಹಾಗೆ ಮಾಡಿದರೆ ಒಳಗಿನ ತೇವ ಹೊರಹೋಗದೆ ಸೀಟಿನ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಈ ಹೊದಿಕೆಗೆ ಹಿಂದೆ ಎರಡು ಗಾಳಿಕಿಂಡಿ ಇವೆ, ಮುಂದೆ ಇಲ್ಲ. ಮುಂದಕ್ಕೂ ಒಂದು ಹೊಲಿಸಿಕೊಂಡರೆ ಗಾಳಿ ಆಡುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಗಾಳಿಯಾಡುವ ದೋಣಿಯಲ್ಲಿ ಅವು ಹೊರಗಿನ ತೇವವನ್ನೇ ಹೀರುತ್ತಾ ಕೂರುತ್ತವೆ.

ಹೊದಿಕೆ ಹಾಕುವ ಮೊದಲಿನ ಕೆಲಸಗಳು ಬೇರೆಯೇ ಇವೆ. ಹಿಂಬದಿಯ ಡ್ರೇನ್ ಪ್ಲಗ್ (ನೀರು ಹೊರಹೋಗುವ ತೂತಿನ ಬಿರಟೆ) ಬಿಚ್ಚಿ ಸ್ಟಿಯರಿಂಗ್‌ಗೆ ಕಟ್ಟಿ, ವಸಂತದಲ್ಲಿ ಮರೆಯದಿರಲು. ಒಳಗಿನ ನೀರು ಆ ತೂತಿನತ್ತ ಇಳಿಯುವಂತೆ ಟ್ರೇಲರಿನ ಜ್ಯಾಕ್ ಏರಿಸಿ ದೋಣಿಯ ಮೂತಿ ಮೇಲೆ ಮಾಡಿ. ಪೆಟ್ರೋಲಿಗೆ ಅದು ಕೆಡದಂತೆ ಸ್ಟೆಬಿಲೈಸರ್ ಬೆರೆಸಿ, ಎಂಜಿನ್ನಿಗೆ ಮೆದುಗೊಳವೆಯಿಂದ ನೀರು ಕೊಡುತ್ತಾ ಹತ್ತು ನಿಮಿಷ ಓಡಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿ ನೀರೆಲ್ಲ ಇಳಿಯಲು ಬಿಡಿ. ಗೇರ್ ಆಯಿಲ್ ಬದಲಾಯಿಸುವುದನ್ನು ವಸಂತಕ್ಕೆ ಮುಂದೂಡಬೇಡಿ. ಹಳೆಯ ಆಯಿಲ್ ಹಾಲು ಬೆರೆತ ಚಹಾದ ಬಣ್ಣದಲ್ಲಿ ಬಂದರೆ ಸೀಲ್ ಸೋರಿ ನೀರು ಒಳಗೆ ಹೋಗಿದೆ ಎಂದರ್ಥ. ಆ ನೀರು ಗಡ್ಡೆ ಕಟ್ಟುವಾಗ ಸುಮಾರು 9 ಶೇಕಡಾ ಹಿಗ್ಗಿ ಗೇರ್ ಕೇಸನ್ನೇ ಸೀಳಬಹುದು. ಹೊಸದನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೆ. ಬ್ಯಾಟರಿ ಬಿಚ್ಚಿ ಪೂರ್ತಿ ಚಾರ್ಜ್ ಮಾಡಿ ಒಳಗಿಡಿ. ಖಾಲಿಯಾದ ಬ್ಯಾಟರಿ ಮೈನಸ್ 7 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ.

ಇಲಿ ಬರುವ ತೂತುಗಳಿಗೆ ತಾಮ್ರದ ಜಾಲರಿ ತುರುಕಿ. ಉಕ್ಕಿನ ನಾರು ತುಕ್ಕು ಹಿಡಿದು ಜೆಲ್‌ಕೋಟಿನ ಮೇಲೆ ಕಂದು ಕಲೆ ಬಿಡುತ್ತದೆ.

ಹಿಮ ತೆಗೆಯಲು ಸಲಿಕೆ ಬೇಡ, ಮೆತ್ತನೆ ಪೊರಕೆ ಸಾಕು. ಗಡ್ಡೆ ಅಂಟಿದ್ದರೆ ಕುಟ್ಟದೆ ಬಿಸಿಲಿಗೆ ಕಾಯಿರಿ. ಸೆಟೆದ ಬಟ್ಟೆಯ ಲೇಪ ಮಡಿಕೆಯಲ್ಲಿ ಬಿರಿಯುತ್ತದೆ.

ಬೇರೆ ಆಯ್ಕೆಗಳ ಬಗ್ಗೆ: ಅಂಗಡಿಯ ನೀಲಿ ಟಾರ್ಪಾಲು ಬಿಸಿಲಿಗೆ ಒಂದೆರಡು ಚಳಿಗಾಲದಲ್ಲಿ ಪುಡಿಯಾಗುತ್ತದೆ, ಅದಕ್ಕೂ ಮೊದಲೇ ಉಂಗುರಗಳು ಕಿತ್ತು ಬರುತ್ತವೆ. ಶ್ರಿಂಕ್‌ವ್ರ್ಯಾಪ್ (ಬಿಸಿ ಮಾಡಿ ಕುಗ್ಗಿಸಿ ಹೊದಿಸುವ ಪ್ಲಾಸ್ಟಿಕ್) ಹಿಮಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಚರ್ಮದಂತೆ ಬಿಗಿಯಾಗಿ ಕೂರುತ್ತದೆ. ಆದರೆ ಪ್ರತಿ ವರ್ಷ ಹೊಸದಕ್ಕೆ ದುಡ್ಡು, ಪ್ರತಿ ವಸಂತದಲ್ಲಿ ಒಂದು ರಾಶಿ ಪ್ಲಾಸ್ಟಿಕ್. ನಡುಚಳಿಗಾಲದಲ್ಲಿ ಒಳಗೆ ಇಣುಕಿ ನೋಡಲೂ ಆಗುವುದಿಲ್ಲ.

ಐದನೇ ವರ್ಷಕ್ಕೆ ಈಗ ಬಣ್ಣ ಮಾಸಿದೆ, ಬೆನ್ನಿನ ಹೊಲಿಗೆಯಲ್ಲಿ ನೀರು ಜಿನುಗುತ್ತಿದೆ. ಸೀಮ್ ಸೀಲರ್ ಹಚ್ಚಿದರೆ ಇನ್ನೆರಡು ಚಳಿಗಾಲ ಬರುತ್ತದೆ. ವಸಂತದಲ್ಲಿ ಮೆದು ಸೋಪಿನ ನೀರಲ್ಲಿ ಒರೆಸಿ, ಹಗ್ಗದ ಮೇಲೆ ಎರಡು ದಿನ ಒಣಗಿಸಿ, ಆಮೇಲೆಯೇ ಮಡಚಿ. ವಾಷಿಂಗ್ ಮಷೀನಿಗೆ ಹಾಕಿದರೆ ಲೇಪ ಉಳಿಯುವುದಿಲ್ಲ.