ಮಕ್ಕಳೊಂದಿಗೆ ದೀಪಸ್ತಂಭಗಳ ದಾರಿ: ಮೇನ್ ಕರಾವಳಿಯೋ, ಒರೆಗಾನ್ ಕರಾವಳಿಯೋ?

ಅಮೆರಿಕದ ಬಂಡೆ ಕರಾವಳಿಯಲ್ಲಿ ಮಕ್ಕಳೊಂದಿಗೆ ಕಾರು ಪ್ರವಾಸ ಮಾಡಬೇಕು, ಪೂರ್ವದ ಮೇನೋ ಪಶ್ಚಿಮದ ಒರೆಗಾನೋ ಎಂದು ಕೇಳಿದ್ದೀರಿ.

ದಾರಿಯ ಸಲೀಸು ನೋಡಿದರೆ ನನ್ನ ಮತ ಒರೆಗಾನ್‌ಗೆ. ಹೆದ್ದಾರಿ 101 ಅಲ್ಲಿ ಸುಮಾರು 580 ಕಿ.ಮೀ. ಕರಾವಳಿಗುಂಟ ಸಾಗುತ್ತದೆ. ಮೇನ್‌ನಲ್ಲಿ ನೆಲ ಬೆರಳುಗಳಂತೆ ಕಡಲಿಗೆ ಚಾಚಿಕೊಂಡಿದೆ; ಒಂದೊಂದು ತುದಿ ನೋಡಲೂ ರೂಟ್ 1 ಹೆದ್ದಾರಿ ಬಿಟ್ಟು ಇಳಿದು, ಮತ್ತೆ ಹಿಂದೆ ಬರಬೇಕು. ಕಾರಿನಲ್ಲಿ ವಾಂತಿ ಮಾಡುವ ಮಗುವಿದ್ದರೆ ಇದು ಸಣ್ಣ ವಿಷಯವಲ್ಲ.

ದೀಪಸ್ತಂಭಗಳೇ ಮುಖ್ಯವಾದರೆ ಮೇನ್‌ಗೇ ಹೋಗಿ. ಅಲ್ಲಿ ಅರವತ್ತಕ್ಕೂ ಹೆಚ್ಚಿವೆ. ಅವುಗಳಲ್ಲೊಂದಾದ ಪೋರ್ಟ್‌ಲ್ಯಾಂಡ್ ಹೆಡ್ ಮೊದಲು ಬೆಳಗಿದ್ದು 1791ರಲ್ಲಿ. ಇನ್ನೊಂದು ಸ್ತಂಭವಿರುವ ಪೆಮಕ್ವಿಡ್ ಪಾಯಿಂಟ್‌ನಲ್ಲಿ ಬಂಡೆಗಳು ಪಟ್ಟೆಪಟ್ಟೆಯಾಗಿ ನೀರಿಗಿಳಿಯುತ್ತವೆ. ನೋಡಲು ಬಲು ಚಂದ, ಆದರೆ ಒದ್ದೆಯಾದಾಗ ಜಾರುತ್ತವೆ. ಚಿಕ್ಕವರ ಕೈ ಬಿಡಲೇಬೇಡಿ.

ಐದಾರು ವರ್ಷದವರಿಗೆ ಗೋಪುರಕ್ಕಿಂತ, ಕಡಲು ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳೇ ಇಷ್ಟ. ಒರೆಗಾನ್‌ನ ಯಾಕ್ವಿನಾ ಹೆಡ್‌ನಲ್ಲಿ ಎರಡೂ ಸಿಗುತ್ತವೆ: ಮೇಲೆ 28 ಮೀಟರ್ ಎತ್ತರದ ಸ್ತಂಭ, ಕೆಳಗೆ ಕಡಲಿನ ಇಳಿತದ ಹೊತ್ತಿಗೆ ಗುಂಡಿಗಳಲ್ಲಿ ನಕ್ಷತ್ರಮೀನುಗಳು. ಅಲೆ ಹಿಂದೆ ಸರಿದಾಗ ಅಲ್ಲಿನ ಕಪ್ಪು ಗುಂಡುಕಲ್ಲುಗಳು ಗಲಗಲ ಸದ್ದು ಮಾಡುತ್ತವೆ. ಇಳಿತದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ.

ನೀರು ಎರಡೂ ಕಡೆ ತಣ್ಣಗೆ, ಈಜಿನ ಆಸೆ ಬೇಡ. ಅಕ್ಟೋಬರ್‌ನಲ್ಲಿ ರಜೆ ಸಿಕ್ಕಿದರೆ ಮೇನ್. ಕೆಂಪಾದ ಎಲೆಗಳೂ ಸಿಗುತ್ತವೆ.