ಲಿಂಕ್ ಒತ್ತುವುದಾ, ಕಾಯುವುದಾ?

ಶುಕ್ರವಾರ ಸಿನಿಮಾ ಬಿಡುಗಡೆ. ಸಂಜೆಯೊಳಗೆ ಟೆಲಿಗ್ರಾಂ ಗ್ರೂಪಿಗೆ ಅದರ ಪೈರಸಿ ಪ್ರತಿಯ, ಅಂದರೆ ಕಳ್ಳ ಪ್ರತಿಯ, ಲಿಂಕ್ ಬಂದುಬಿಡುತ್ತದೆ.

ಮೊದಲ ವಾರದ ಲಿಂಕ್‌ನಲ್ಲಿ ಸಿಗುವುದು ಹೆಚ್ಚಾಗಿ ಥಿಯೇಟರಿನಲ್ಲಿ ಕದ್ದು ತೆಗೆದ ಪ್ರಿಂಟ್. ಒಮ್ಮೆ ನಾನೂ ನೋಡಿದ್ದೆ. ಪರದೆ ಓರೆ, ಯಾರದೋ ತಲೆ ಅಡ್ಡ, ಮಾತಿನ ನಡುವೆ ಕೆಮ್ಮು. ತಾಯಿ ಅಳುವ ದೃಶ್ಯದ ಮೇಲೆ ಜೂಜಿನ ಜಾಹೀರಾತು ಹರಿದುಹೋಯಿತು. ತುಂಬಾ ಬೇಜಾರಾಯಿತು.

ದುಡ್ಡಿನ ವಿಷಯಕ್ಕೆ ಬಂದರೆ, ಪೈರಸಿ ಫ್ರೀ ಅನ್ನಿಸುತ್ತದೆ. ಆದರೆ ಆ ಪುಟಗಳಲ್ಲಿ ಡೌನ್‌ಲೋಡ್ ಬಟನ್‌ಗಳೇ ನಾಲ್ಕೈದು, ಯಾವುದು ನಿಜವೋ ಗೊತ್ತಾಗುವುದಿಲ್ಲ. ತಪ್ಪಿ ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್) ಇಳಿಸಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕ್ ಒಟಿಪಿ ಕಳ್ಳರ ಕೈಗೆ ಹೋಗಬಹುದು. ಯುಪಿಐ ಇರುವುದೂ ಅದೇ ಫೋನಿನಲ್ಲಿ ಅಲ್ವಾ?

ಮಲ್ಟಿಪ್ಲೆಕ್ಸ್ ದುಬಾರಿ, ಒಪ್ಪುತ್ತೇನೆ. ಆದರೆ ಒಟಿಟಿಗೆ ಅನೇಕ ಸಿನಿಮಾಗಳು 4ರಿಂದ 8 ವಾರದಲ್ಲಿ ಬರುತ್ತವೆ. ಹಳೆಯವು ಎಷ್ಟೋ ಯೂಟ್ಯೂಬ್‌ನ ಅಧಿಕೃತ ಚಾನೆಲ್‌ಗಳಲ್ಲೇ ಉಚಿತ.

ಕಾನೂನೂ ಬಿಗಿಯಾಗಿದೆ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಪ್ರಕಾರ, ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದವರಿಗೆ, ಲಾಭಕ್ಕಾಗಿ ನಕಲಿ ಪ್ರತಿ ತೋರಿಸಿದವರಿಗೆ 3 ತಿಂಗಳಿಂದ 3 ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ, ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದು.

ನನ್ನ ಆಯ್ಕೆ ಹೀಗೆ: ದೊಡ್ಡ ಸ್ಟಾರ್ ಸಿನಿಮಾಗೆ ಬೇಕಾದರೆ ಒಟಿಟಿವರೆಗೆ ಕಾಯಿರಿ. ಸಣ್ಣ ಕನ್ನಡ ಸಿನಿಮಾಗೆ ಮಾತ್ರ ಮೊದಲ ವಾರವೇ ಥಿಯೇಟರಿಗೆ ಹೋಗಿ. ಅವುಗಳಲ್ಲಿ ಎಷ್ಟೋ ಸಿನಿಮಾಗಳನ್ನು ಒಟಿಟಿಯವರು ಕೊಳ್ಳುವುದೇ ಇಲ್ಲ, ಟಿಕೆಟ್ ದುಡ್ಡೇ ನಿರ್ಮಾಪಕರ ಪಾಲಿನ ಗಳಿಕೆ.