ಸಾಹಿತಿಯ ಸಹಿ ಇರುವ ಪತ್ರ: ಲೆಟರ್‌ಹೆಡ್ಡೋ, ಕಾರ್ಡೋ?

ಶಿರಸಿಯಲ್ಲಿ ಯಾರೋ ದೊಡ್ಡ ಸಾಹಿತಿಯ ಎರಡು ಪತ್ರ ಮಾರುತ್ತಿದ್ದಾರೆ ಅಂದುಕೊಳ್ಳಿ: ಒಂದು ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿದ್ದು, ಇನ್ನೊಂದು ಕೈಯಲ್ಲಿ ಬರೆದ ಪೋಸ್ಟ್‌ಕಾರ್ಡು. ಟೈಪ್ ಮಾಡಿದ ಲೆಟರ್‌ಹೆಡ್ ನೋಡಲು ಚಂದ. ಆದರೆ ಅದರಲ್ಲಿ ಕೈಬರಹ ಅಂದ್ರೆ ಸಹಿ ಒಂದೇ, ಅದೂ ರಬ್ಬರ್ ಸ್ಟಾಂಪಿನದ್ದಿರಬಹುದು. ಭೂತಗನ್ನಡಿ ಹಿಡಿಯಿರಿ: ಶಾಯಿ ಪೆನ್ನಿನ ಗೆರೆ ಒತ್ತಿದಲ್ಲಿ ದಪ್ಪ, ತೇಲಿದಲ್ಲಿ ತೆಳು. ತಡೆತಡೆದು ಎಳೆದಂತಿದ್ದರೆ ಅನುಮಾನಿಸಿ. (ವಯಸ್ಸಾದವರ ಕೈಯೂ ನಡುಗುತ್ತೆ, ಅಲ್ವಾ?) ಪಿನ್‌ಕೋಡ್ ಬಂದದ್ದೇ 1972ರಲ್ಲಿ. 1965ರ ಪತ್ರದಲ್ಲಿ ಅದು ಅಚ್ಚಾಗಿದ್ದರೆ ಸುಮ್ನೆ ವಾಪಸ್ ಕೊಡಿ.

ಪೋಸ್ಟ್‌ಕಾರ್ಡಿನಲ್ಲಿ ತುಂಬ ಅಕ್ಷರ ಸಿಗುತ್ತೆ, ಅವರದೇ ಅಂತ ಗೊತ್ತಿರುವ ಬರಹದ ಜೊತೆ ಹೋಲಿಸಲು ಸುಲಭ. ಅಂಚೆ ಮುದ್ರೆಯ ತಾರೀಖೂ ಪತ್ರದ ತಾರೀಖಿಗೆ ತಾಳೆಯಾಗಬೇಕು. ಕಾಗದ ಮಾಸಿದೆ ಅಂತ ಮಾತ್ರ ನಂಬಬೇಡಿ. ನಮ್ಮ ಮಳೆಗಾಲಕ್ಕೆ ಹೊಸ ಕಾಗದವೂ ಬೇಗ ಮಾಸುತ್ತೆ. ಬೆಲೆ ಸ್ವಲ್ಪ ಜಾಸ್ತಿಯಾದರೂ ನನ್ನ ಆಯ್ಕೆ ಕಾರ್ಡೇ.